ಮುಳುಗದ ಹಡಗು: ಸಿಂಗಾಪುರದ ಸಖಾಫರು ಮತ್ತು 1880ರ ಒಂದು ಹಜ್ ಪ್ರಯಾಣ

ಮುಂಬಯಿಯಿಂದ ಜಿದ್ದಾಕ್ಕೆ ಈಗ ವಿಮಾನದಲ್ಲಿ ಐದು ತಾಸಿನ ದಾರಿ. ಬೆಳಿಗ್ಗೆ ಮನೆಯಲ್ಲಿ ಚಹಾ ಕುಡಿದು ಹೊರಟವರು ಅಸರ್ ನಮಾಝಿಗೆ ಅಲ್ಲಿರ್ತಾರೆ. ಆದರೆ ನಿಮ್ಮ ಮನೆಯಲ್ಲಿ ಎಂಬತ್ತು ದಾಟಿದ ಹಿರಿಯರು ಯಾರಾದರೂ ಇದ್ದರೆ ಕೇಳಿ ನೋಡಿ, ಅವರಿಗೆ ಹಜ್ ಅಂದರೆ ಮೊದಲು ನೆನಪಾಗುವುದು ಹಡಗು. ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಸಾಬೂ ಸಿದ್ದೀಕ್ ಮುಸಾಫಿರ್‌ಖಾನೆಯಲ್ಲಿ ದಿನಗಟ್ಟಲೆ ಕಾಯುವುದು, ತಗಡಿನ ಪೆಟ್ಟಿಗೆ, ಅಕ್ಕಿ ಉಪ್ಪಿನಕಾಯಿಯ ಗಂಟು, ಬಂದರಿನಲ್ಲಿ ಊರಿಗೆ ಊರೇ ಸೇರಿ ಅಳುವುದು. ಹಾಜಿಗಳನ್ನು ಹೊತ್ತು ಮುಂಬಯಿಯಿಂದ ಜಿದ್ದಾಕ್ಕೆ ಹೋಗುತ್ತಿದ್ದ ಹಡಗು ನಿಂತದ್ದು 1995ರಲ್ಲಿ. ಅದರ ಹೆಸರು ಎಂ.ವಿ. ಅಕ್ಬರಿ. ಹೋಗುವವರು ಎಲ್ಲರ ಹತ್ತಿರ 'ಮಾಫ್' ಕೇಳಿಕೊಂಡು ಹೊರಡುತ್ತಿದ್ದರು, ಯಾಕೆಂದರೆ ತಿರುಗಿ ಬರುವ ಖಾತ್ರಿ ಇರಲಿಲ್ಲ. ಆ ರೂಢಿ ಇವತ್ತೂ ಉಳಿದಿದೆ, ಭಯ ಮಾತ್ರ ಹೋಗಿದೆ.

ಆ ಭಯ ಸುಮ್ಮನೆ ಹುಟ್ಟಿದ್ದಲ್ಲ. ಅದರ ಹಿಂದೆ ಸಮುದ್ರ ಎಷ್ಟಿತ್ತೋ ವ್ಯಾಪಾರವೂ ಅಷ್ಟೇ ಇತ್ತು. ಹಾಜಿಗಳನ್ನು ಸಾಗಿಸುವ ವ್ಯಾಪಾರ ಅಂದ ಕೂಡಲೇ ನಾವು ಬ್ರಿಟಿಷ್ ಕಂಪೆನಿ, ಡಚ್ ಕಂಪೆನಿ ಅಂತ ಯೋಚಿಸ್ತೇವೆ. ಆದರೆ ಹತ್ತೊಂಬತ್ತನೇ ಶತಮಾನದಲ್ಲಿ ಇದರ ದೊಡ್ಡದೊಂದು ಪಾಲು ವಲಸೆ ಬಂದ ಮುಸ್ಲಿಂ ವ್ಯಾಪಾರಿಗಳ ಕೈಯಲ್ಲಿತ್ತು. ಅಂಥ ಒಂದು ಮನೆತನದ ಕಥೆ ಇಲ್ಲಿದೆ. ಹೆಮ್ಮೆಪಡುವುದು ಇದರಲ್ಲಿ ಸಾಕಷ್ಟಿದೆ. ಹೆಮ್ಮೆಪಡಲಾಗದ್ದೂ ಇದೆ, ಅದನ್ನು ಬಿಟ್ಟು ಹೇಳಿದರೆ ಅದು ಇತಿಹಾಸ ಆಗುವುದಿಲ್ಲ, ಮದುವೆ ಮನೆಯ ಹೊಗಳಿಕೆ ಆಗುತ್ತದೆ.

ಮೊದಲು ಊರು. ಇವತ್ತಿನ ಯಮನ್ ದೇಶದ ಪೂರ್ವಭಾಗದಲ್ಲಿ ಹದ್ರಮೌತ್ ಅಂತ ಒಂದು ಕಣಿವೆ ಇದೆ. ತರೀಮ್, ಸೈಯೂನ್ ಅಲ್ಲಿಯ ಹೆಸರಾದ ಪಟ್ಟಣಗಳು. ಸುತ್ತಲೂ ಬೋಳು ಬೆಟ್ಟ, ಮಧ್ಯೆ ಖರ್ಜೂರದ ತೋಟ, ಮಳೆ ಬಂದರೆ ಬಂತು ಇಲ್ಲದಿದ್ದರೆ ಇಲ್ಲ. ಜನ ಹೆಚ್ಚಾದ ಹಾಗೆ ಮಣ್ಣು ಸಾಕಾಗುವುದಿಲ್ಲ. ಹಾಗಾಗಿ ಅಲ್ಲಿಯ ಗಂಡಸರು ಶತಮಾನಗಳಿಂದ ಸಮುದ್ರ ದಾಟುತ್ತಾ ಬಂದರು. ಕೆಲವರು ಪೂರ್ವ ಆಫ್ರಿಕಾಕ್ಕೆ ಹೋದರು, ಕೆಲವರು ಜಾವಾ ಸುಮಾತ್ರಾಕ್ಕೆ, ಕೆಲವರು ನಮ್ಮ ಕಡೆಗೇ ಬಂದರು. ಹೈದರಾಬಾದಿನಲ್ಲಿ ಇರುವ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿಜಾಮರ ಸೈನ್ಯದಲ್ಲಿದ್ದ ಹದ್ರಮಿ ಸಿಪಾಯಿಗಳ ಮಕ್ಕಳು ಮೊಮ್ಮಕ್ಕಳೇ ಅಲ್ಲಿಯ ಬಾರ್ಕಸ್‌ನವರು. 'ಬ್ಯಾರಕ್ಸ್' ಎಂಬುದೇ ನಾಲಿಗೆಯಲ್ಲಿ ಬಾರ್ಕಸ್ ಆಯಿತು. ಅವರನ್ನೇ ಚಾವುಶ್ ಅಂತಾರೆ. ಇನ್ನು ಮಂಗಳೂರು, ಕಾಸರಗೋಡು, ಮಲಬಾರ್ ಕಡೆಯವರಿಗೆ ತಂಙಳ್ ಮನೆತನಗಳು ಗೊತ್ತು. ಅವರ ಹೆಸರಿನ ಕೊನೆಗೆ ಬಾಅಲವಿ, ಜಿಫ್ರಿ, ಅಸ್ಸಖಾಫ್ ಅಂತೆಲ್ಲ ಇರುತ್ತದಲ್ಲ, ಅವೆಲ್ಲ ಅದೇ ಕಣಿವೆಯ ಸಯ್ಯಿದ್ ವಂಶಗಳ ಹೆಸರುಗಳು. ಹಾಗಾಗಿ ಸಿಂಗಾಪುರದ ಈ ಸಖಾಫರು ನಮಗೆ ಪೂರಾ ಪರಕೀಯರೇನಲ್ಲ. ಮಲಯ್ ನಾಲಿಗೆಯಲ್ಲಿ, ಇಂಗ್ಲಿಷ್ ಕಾಗದಪತ್ರಗಳಲ್ಲಿ ಅವರು 'ಅಲ್‌ಸಗೋಫ್' ಆದರು, ಅಷ್ಟೇ.

ಬ್ರಿಟಿಷರು ಸಿಂಗಾಪುರದಲ್ಲಿ ಕೋಠಿ ಹಾಕಿದ್ದು 1819ರಲ್ಲಿ. ಅರಬ್ ವ್ಯಾಪಾರಿಗಳು ಬಂದರೆ ಅವರ ಹಿಂದೆ ದ್ವೀಪಗಳ ವ್ಯಾಪಾರವೂ ಬರುತ್ತದೆ ಎಂದು ರಾಫೆಲ್ಸ್‌ಗೆ ಗೊತ್ತಿತ್ತು, ಆದ್ದರಿಂದ ಊರಿನ ನಕ್ಷೆಯಲ್ಲಿ ಅವರಿಗೆಂದೇ ಜಾಗ ಬಿಡಿಸಿದ್ದ. ಮೊದಲು ಬಂದವರು ಪಾಲೆಂಬಾಂಗಿನಿಂದ ಜುನೈದ್ ಮನೆತನದವರು. 1824ರಲ್ಲಿ ಹದ್ರಮೌತ್‌ನ ಸಯ್ಯಿದ್ ಅಬ್ದುರ್ರಹ್ಮಾನ್ ಸಖಾಫ್ ತನ್ನ ಮಗ ಅಹ್ಮದ್ ಜೊತೆ ಬಂದಿಳಿದರು. ಸಾಂಬಾರ ಪದಾರ್ಥದ ವ್ಯಾಪಾರ. ಮಗ 1848ರಲ್ಲಿ ಕಂಪೆನಿ ಕಟ್ಟಿದ.

ಇಲ್ಲಿ ಒಬ್ಬ ಹೆಂಗಸಿನ ವಿಷಯ ಹೇಳಲೇಬೇಕು. ಹಾಜಾ ಫಾತಿಮಾ ಮಲಾಕ್ಕಾದವಳು. ಸೆಲೆಬಿಸ್ ದ್ವೀಪದ ಬುಗಿಸ್ ವ್ಯಾಪಾರಿಯೊಬ್ಬನನ್ನು ಮದುವೆಯಾಗಿ ಸಿಂಗಾಪುರಕ್ಕೆ ಬಂದಳು. ಗಂಡ ಬೇಗ ತೀರಿಹೋದ. ಅವನ ಹಡಗುಗಳನ್ನೂ ವ್ಯಾಪಾರವನ್ನೂ ಅವಳೇ ನಡೆಸಿದಳು, ಬೆಳೆಸಿದಳು. ಬೀಚ್ ರೋಡಿನ ಅವಳ ಮನೆಗೆ ಕಳ್ಳರು ಎರಡು ಸಲ ನುಗ್ಗಿದರು, ಎರಡನೇ ಸಲ ಬೆಂಕಿಯನ್ನೂ ಹಚ್ಚಿದರು. ಜೀವ ಉಳಿದದ್ದಕ್ಕೆ ಶುಕ್ರ್ ಎಂದು ಅವಳು ಅದೇ ಜಾಗದಲ್ಲಿ ಮಸೀದಿ ಕಟ್ಟಿಸಿ ತಾನು ಬೇರೆ ಕಡೆ ಹೋದಳು. 1846ರ ಆ ಮಸೀದಿ ಈಗಲೂ ಇದೆ. ಮಿನಾರ ಸ್ವಲ್ಪ ವಾಲಿದೆ, ಪ್ರವಾಸಿಗಳು ಅದನ್ನು ನೋಡಲಿಕ್ಕೇ ಹೋಗ್ತಾರೆ. ಅವಳ ಮಗಳು ರಾಜಾ ಸಿತಿಯನ್ನು ಮದುವೆಯಾದವನೇ ಸಯ್ಯಿದ್ ಅಹ್ಮದ್ ಸಖಾಫ್. ಅಂದರೆ ಸಖಾಫರ ಹಡಗಿನ ದೌಲತ್ತಿನ ಬೇರು ಹುಡುಕಿದರೆ ಒಬ್ಬ ವಿಧವೆ ವ್ಯಾಪಾರಸ್ಥೆಯ ಹಾಯಿಹಡಗುಗಳಿಗೆ ಹೋಗಿ ನಿಲ್ಲುತ್ತದೆ. ಮನೆತನದ ಹೆಸರು ಗಂಡಸಿನ ಕಡೆಯಿಂದ ಬಂತು, ಬಂಡವಾಳದ ದೊಡ್ಡ ಭಾಗ ಹೆಂಗಸಿನ ಕಡೆಯಿಂದ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಹೀಗೇ ಆಗಿದೆ, ಯಾರೂ ಬರೆದಿಡುವುದಿಲ್ಲ.

ಅಹ್ಮದ್ ಮತ್ತು ರಾಜಾ ಸಿತಿಯ ಮಗ ಸಯ್ಯಿದ್ ಮುಹಮ್ಮದ್, ಹುಟ್ಟಿದ್ದು 1836ರಲ್ಲಿ. ಊರವರು ಪ್ರೀತಿಯಿಂದ 'ನೋಂಗ್ ಚಿಕ್' ಎನ್ನುತ್ತಿದ್ದರು. ಈ ಮನುಷ್ಯನ ಕಾಲಕ್ಕೆ ವ್ಯಾಪಾರದ ರೂಪವೇ ಬದಲಾಯಿತು. ಕಾರಣ ಎರಡು: ಉಗಿ ಯಂತ್ರ ಮತ್ತು ಸೂಯೆಝ್ ಕಾಲುವೆ. 1869ರಲ್ಲಿ ಕಾಲುವೆ ತೆರೆದ ಮೇಲೆ ಯೂರೋಪಿನ ಉಗಿಹಡಗುಗಳು ಕೆಂಪು ಸಮುದ್ರದ ಮೂಲಕವೇ ಓಡಾಡತೊಡಗಿದವು, ಜಿದ್ದಾ ಅವುಗಳ ದಾರಿಯಲ್ಲೇ ಬಿತ್ತು. ಮೊದಲು ಹಾಯಿಹಡಗಿನಲ್ಲಿ ಗಾಳಿಗೆ ಕಾದು, ಬಂದರಿನಿಂದ ಬಂದರಿಗೆ ನಿಂತು, ಹೋಗಿಬರುವುದರಲ್ಲಿ ವರ್ಷ ಎರಡು ವರ್ಷ ಕಳೆಯುತ್ತಿತ್ತು. ಈಗ ಕೆಲವೇ ವಾರಗಳ ಮಾತು. ಟಿಕೆಟಿನ ದರವೂ ಇಳಿಯಿತು. ಹಾಗಾಗಿ ಜಾವಾದ ಗದ್ದೆ ರೈತ, ಸುಮಾತ್ರಾದ ಸಣ್ಣ ಅಂಗಡಿಯವನು, ಇಂಥವರೂ ಹಜ್‌ನ ಕನಸು ಕಾಣುವ ಹಾಗಾಯಿತು. ಮಕ್ಕಾದಲ್ಲಿ ಇವರೆಲ್ಲರಿಗೂ ಒಂದೇ ಹೆಸರು, 'ಜಾವಾ'.

ಆದರೆ ಇವರೆಲ್ಲ ಸಿಂಗಾಪುರಕ್ಕೇ ಯಾಕೆ ಬರಬೇಕು? ಇಲ್ಲೊಂದು ಸ್ವಾರಸ್ಯ ಇದೆ. ಈಗಿನ ಇಂಡೋನೇಷ್ಯಾ ಆಗ ಡಚ್ಚರ ಕೈಯಲ್ಲಿತ್ತು. ಡಚ್ ಸರ್ಕಾರಕ್ಕೆ ಹಾಜಿಗಳನ್ನು ಕಂಡರೆ ಹೆದರಿಕೆ. ಮಕ್ಕಾಕ್ಕೆ ಹೋಗಿ ಬಂದವನು ದಂಗೆ ಎಬ್ಬಿಸುತ್ತಾನೆ ಎಂಬ ಗುಮಾನಿ. 1859ರಲ್ಲಿ ಅವರು ಕಾಯಿದೆ ಮಾಡಿದರು. ಹೋಗುವವನು ದಾರಿಖರ್ಚಿಗೂ ಹಿಂದೆ ಉಳಿದ ಹೆಂಡತಿ ಮಕ್ಕಳಿಗೂ ಸಾಕಾಗುವಷ್ಟು ಹಣ ಇದೆ ಎಂದು ಮೊದಲೇ ತೋರಿಸಬೇಕು. ತಿರುಗಿ ಬಂದ ಮೇಲೆ ನಿಜವಾಗಿ ಮಕ್ಕಾ ನೋಡಿದ್ದಾನೆಯೇ ಎಂದು ಅಧಿಕಾರಿಗಳ ಮುಂದೆ ಪರೀಕ್ಷೆ ಕೊಡಬೇಕು, ಪಾಸಾದರೆ ಮಾತ್ರ 'ಹಾಜಿ' ಎನ್ನಿಸಿಕೊಳ್ಳಬಹುದು, ಹಾಜಿಯ ಉಡುಪು ತೊಡಬಹುದು. ನಗು ಬರುತ್ತದೆ, ಆದರೆ ಇದು ನಡೆದದ್ದು. ಇಷ್ಟೆಲ್ಲ ಕಿರಿಕಿರಿ ಬೇಡ ಅಂತ ಸಾವಿರಾರು ಜನ ಸಣ್ಣ ದೋಣಿಗಳಲ್ಲಿ ಸಿಂಗಾಪುರಕ್ಕೆ ಜಾರಿಕೊಂಡರು. ಬ್ರಿಟಿಷರ ಬಂದರಿನಲ್ಲಿ ಅಷ್ಟು ಕೇಳುವವರಿರಲಿಲ್ಲ. ಅಲ್ಲಿ ತಮ್ಮ ಭಾಷೆ ಆಡುವ, ಕಲಿಮಾ ಹೇಳುವ, ಪ್ರವಾದಿಯವರ ವಂಶದವರೆಂದು ಗೌರವ ಇರುವ ಅರಬ್ ವ್ಯಾಪಾರಿಗಳು ಕಾದು ನಿಂತಿದ್ದರು.

1872ರಲ್ಲಿ ಸ್ಕಾಟ್ಲೆಂಡಿನ ಡಂಬಾರ್ಟನ್‌ನಲ್ಲಿ, ವಿಲಿಯಂ ಡೆನ್ನಿ ಎಂಬ ಹೆಸರಾಂತ ಕಂಪೆನಿಯ ಕಟ್ಟೆಯಲ್ಲಿ, ಹಾಜಿಗಳ ಸಾಗಣೆಗೆಂದೇ ಒಂದು ಕಬ್ಬಿಣದ ಉಗಿಹಡಗು ತಯಾರಾಯಿತು. ಹೆಸರು 'ಜಿದ್ದಾ'. ಉದ್ದ 280 ಅಡಿ. ಬಾವುಟ ಬ್ರಿಟಿಷರದ್ದು, ನಡೆಸುವ ಅಧಿಕಾರಿಗಳು ಯೂರೋಪಿನವರು, ಯಜಮಾನಿಕೆ ಸಯ್ಯಿದ್ ಮುಹಮ್ಮದ್ ಸಖಾಫರ ಸಿಂಗಾಪುರ್ ಸ್ಟೀಮ್‌ಶಿಪ್ ಕಂಪೆನಿಯದ್ದು. ಗಮನಿಸಿ, ಕಣಿವೆಯಿಂದ ಎದ್ದು ಬಂದ ಮನೆತನ ಎರಡೇ ತಲೆಮಾರಿನಲ್ಲಿ ಸ್ಕಾಟ್ಲೆಂಡಿನಲ್ಲಿ ಕಟ್ಟಿದ ಹಡಗಿನ ಧಣಿಯಾಯಿತು. ಇದು ಸಣ್ಣ ಸಾಧನೆಯಲ್ಲ.

ಈಗ ಲೆಕ್ಕಪತ್ರದ ಇನ್ನೊಂದು ಪುಟ. ಟಿಕೆಟಿಗೆ ಹಣ ಇಲ್ಲದವನು ಏನು ಮಾಡಬೇಕು? ಸಖಾಫ್ ಕಂಪೆನಿ ಅವನಿಗೆ ಮುಂಗಡ ಕೊಡುತ್ತಿತ್ತು. ಕೆಲವೊಮ್ಮೆ ಹೋಗುವಾಗಲೇ, ಕೆಲವೊಮ್ಮೆ ಹಣ ಮುಗಿದು ಮಕ್ಕಾದಲ್ಲಿ ಸಿಕ್ಕಿಬಿದ್ದವನಿಗೆ ಬರುವ ದಾರಿಗೆ. ಜಿದ್ದಾದಲ್ಲೂ ಮನೆತನದ ಏಜೆಂಟರಿದ್ದರು. ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಕು. ತಿರುಗಿ ಬಂದ ಮೇಲೆ ಆ ಸಾಲವನ್ನು ಮೈಮುರಿದು ತೀರಿಸಬೇಕು. ಎಲ್ಲಿ? ಜೊಹೋರ್‌ನ ಮಹಾರಾಜ ಅಬೂಬಕರ್ ಅವರಿಂದ 1878ರಲ್ಲಿ ಸಯ್ಯಿದ್ ಮುಹಮ್ಮದ್ ಪಡೆದ ಕುಕುಪ್ ಎಂಬಲ್ಲಿಯ ದೊಡ್ಡ ಜಮೀನಿನಲ್ಲಿ. ಅದಕ್ಕೆ ಇಟ್ಟ ಹೆಸರು ಕಾನ್‌ಸ್ಟಾಂಟಿನೋಪಲ್ ಎಸ್ಟೇಟ್, ಖಲೀಫರ ರಾಜಧಾನಿಯ ಹೆಸರು. ಅಲ್ಲಿ ಸಾಬಕ್ಕಿಯ ಮರ, ಅನಾನಸು, ಕೋಕೋ, ಆಮೇಲೆ ರಬ್ಬರ್. ಆ ಎಸ್ಟೇಟಿಗೆ ತನ್ನದೇ ನೋಟುಗಳೂ ಇದ್ದವು. ಕಂಪೆನಿಯ ಕೆಲಸ, ಕಂಪೆನಿಯ ಸಾಲ, ಕಂಪೆನಿಯದೇ ನೋಟು. ಸಾಲ ಎಂದಿಗೆ ತೀರಬೇಕು ನೀವೇ ಹೇಳಿ.

ನಮ್ಮ ದೀನ್‌ನಲ್ಲಿ ಹಜ್ ಕಡ್ಡಾಯವಾಗುವುದು ಸಾಮರ್ಥ್ಯ ಇದ್ದವನಿಗೆ. ಇಲ್ಲದವನ ಮೇಲೆ ಹೊಣೆಯೇ ಇಲ್ಲ. ಸಾಲ ಇದ್ದವನು ಮೊದಲು ಸಾಲ ತೀರಿಸಬೇಕು, ಆಮೇಲೆ ಹೊರಡಬೇಕು ಎಂದು ಮದ್ರಸಾದ ಮಕ್ಕಳಿಗೂ ಗೊತ್ತು. ಸಯ್ಯಿದ್ ಮನೆತನದವರಿಗೆ ಗೊತ್ತಿರಲಿಲ್ಲ ಎನ್ನಲಾಗುವುದಿಲ್ಲ. ಅವರ ಪರವಾಗಿ ಹೇಳುವವರು, ಈ ಮುಂಗಡ ಇಲ್ಲದಿದ್ದರೆ ಬಡವರು ಕಾಬಾ ನೋಡುತ್ತಲೇ ಇರಲಿಲ್ಲ, ಮಕ್ಕಾದಲ್ಲಿ ಸಿಕ್ಕಿಬಿದ್ದವರು ಅಲ್ಲೇ ಸಾಯುತ್ತಿದ್ದರು, ಅಂತಾರೆ. ಅದರಲ್ಲೂ ನಿಜ ಇದೆ. ಇದನ್ನು ಜೋರಾಗಿ ಟೀಕಿಸಿದವರು ಡಚ್ ಅಧಿಕಾರಿಗಳು, ಅವರಿಗೆ ಹಾಜಿಗಳ ಮೇಲಿದ್ದ ಕರುಣೆ ಎಷ್ಟು ಎಂಬುದನ್ನು ಆಗಲೇ ನೋಡಿದೆವು. ಆದರೂ ಟೀಕಿಸಿದವನ ನಿಯತ್ತು ಕೆಟ್ಟದ್ದು ಅಂದ ಮಾತ್ರಕ್ಕೆ ಕಾಗದದ ಮೇಲಿನ ಹೆಬ್ಬೆಟ್ಟು ಅಳಿಸಿಹೋಗುವುದಿಲ್ಲ. ನನಗೆ ಅನ್ನಿಸುವುದು ಇಷ್ಟು: ಕೊಟ್ಟವನಿಗೆ ಇದು ಉಪಕಾರವೂ ಆಗಿತ್ತು, ಅಗ್ಗದ ಕೂಲಿಯನ್ನು ಹಿಡಿದುಹಾಕುವ ಬಲೆಯೂ ಆಗಿತ್ತು.

ಇನ್ನು 1880ಕ್ಕೆ ಬರೋಣ.

ಆ ವರ್ಷ ಜುಲೈ 17ರಂದು 'ಜಿದ್ದಾ' ಸಿಂಗಾಪುರ ಬಿಟ್ಟಿತು. ಪೆನಾಂಗ್‌ನಲ್ಲಿ ನಿಂತು ಅಲ್ಲಿಂದ ಅರೇಬಿಯಾದ ಕಡೆಗೆ. ಹಡಗಿನಲ್ಲಿ 950ರಷ್ಟು ಹಾಜಿಗಳು; ಅವರಲ್ಲಿ ಹೆಂಗಸರು ನೂರಕ್ಕೂ ಹೆಚ್ಚು, ಚಿಕ್ಕ ಮಕ್ಕಳೂ ಇದ್ದರು. ಅದು ಸಾಲದು ಅಂತ ಸಕ್ಕರೆ, ಮರ ಎಲ್ಲ ಸೇರಿ 600 ಟನ್ ಸರಕು. ಕಪ್ತಾನ ಜೋಸೆಫ್ ಲೂಕಸ್ ಕ್ಲಾರ್ಕ್, ಜೊತೆಗೆ ಅವನ ಹೆಂಡತಿ. ಅವನ ಕೆಳಗಿನ ಮುಖ್ಯ ಅಧಿಕಾರಿ ಆಗಸ್ಟಿನ್ ಪಾಡ್‌ಮೋರ್ ವಿಲಿಯಮ್ಸ್, ಇಂಗ್ಲೆಂಡಿನ ಒಬ್ಬ ಪಾದ್ರಿಯ ಮಗ, ವಯಸ್ಸು ಇನ್ನೂ ಮೂವತ್ತರ ಒಳಗೆ. ಧಣಿಯ ಕಡೆಯಿಂದ ಅವರ ಅಣ್ಣ ತಮ್ಮಂದಿರ ಮಗ ಸಯ್ಯಿದ್ ಉಮರ್ ಸಖಾಫ್ ಕೂಡ ಹಡಗಿನಲ್ಲಿದ್ದರು.

ಜುಲೈ, ಆಗಸ್ಟ್. ನಮ್ಮ ಕರಾವಳಿಯವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕೆ? ಮಲ್ಪೆ, ಭಟ್ಕಳ, ಕಾರವಾರದಲ್ಲಿ ದೋಣಿಗಳನ್ನು ದಡಕ್ಕೆ ಎಳೆದು ಮಡಲು ಮುಚ್ಚಿಡುವ ಕಾಲ ಅದು. ಆ ಮಳೆಗಾಲದ ಸಮುದ್ರಕ್ಕೆ ಎದುರಾಗಿ, ಪೂರ್ವದಿಂದ ಪಶ್ಚಿಮಕ್ಕೆ, ತುಂಬಿದ ಹಡಗು ಹೊರಟಿತು. ಹಜ್ ಇದ್ದದ್ದು ನವೆಂಬರ್‌ನಲ್ಲಿ. ಹಾಗಾದರೆ ಇಷ್ಟು ಮೊದಲೇ ಯಾಕೆ? ಹಿಜರಿ ಪಂಚಾಂಗದ ಲೆಕ್ಕ ಹಾಕಿ ನೋಡಿ. 1297ನೇ ಹಿಜರಿಯ ರಮಝಾನ್ ಶುರುವಾದದ್ದು 1880ರ ಆಗಸ್ಟ್ 7ರ ಸುಮಾರಿಗೆ, ಒಂದು ದಿನ ಆಚೆ ಈಚೆ. ಜಾವಾದ ಹಾಜಿಗಳು ರಮಝಾನಿಗೇ ಮಕ್ಕಾ ಮುಟ್ಟುವ ಆಸೆಯಿಂದ ಬೇಗ ಹೊರಡುವುದು ರೂಢಿ. ಈ ತಾರೀಖನ್ನು ನೆನಪಿನಲ್ಲಿ ಇಟ್ಟುಕೊಳ್ಳಿ, ಇಂಗ್ಲಿಷಿನಲ್ಲಿ ಈ ಘಟನೆ ಬರೆಯುವವರು ಅದನ್ನು ಹೇಳುವುದೇ ಅಪರೂಪ.

ಆಗಸ್ಟ್ 3ರಂದು ಆಫ್ರಿಕಾದ ಕೊಂಬಿನ ಹತ್ತಿರ ಬಿರುಗಾಳಿ ಹೆಚ್ಚಾಯಿತು. ಹಡಗು ಹೊಯ್ದಾಡುವ ರಭಸಕ್ಕೆ ಬಾಯ್ಲರುಗಳು ತಾವಿದ್ದ ಪೀಠದಿಂದ ಕದಲಿದವು. ಮರದ ಬೆಣೆ ಬಡಿದು ಹೇಗೋ ನಿಲ್ಲಿಸಿದರು. 6ರಂದು ಬೆಣೆಗಳೂ ಸಡಿಲವಾದವು, ನೀರು ಒಳಗೆ ಬರತೊಡಗಿತು. ಒಂದೇ ಬಾಯ್ಲರಿನಲ್ಲಿ ಕುಂಟುತ್ತಾ ನಡೆದರು, ಆಮೇಲೆ ಅದೂ ಹೋಯಿತು. ಪೈಪುಗಳು ಕಿತ್ತುಬಂದವು, ಯಂತ್ರ ನಿಂತಿತು. ಹಾಯಿ ಬಿಚ್ಚಿದರೆ ಗಾಳಿ ಅದನ್ನೂ ಹರಿದು ಹಾಕಿತು. ಎಂಜಿನ್ ಕೋಣೆಯಲ್ಲಿ ಏರುತ್ತಿದ್ದ ನೀರನ್ನು ಹಾಜಿಗಳು ಸಾಲಾಗಿ ನಿಂತು ಬಕೆಟ್ಟಿನಲ್ಲಿ ಎತ್ತಿ ಎತ್ತಿ ಹೊರಗೆ ಸುರಿದರು. ರಮಝಾನ್ ಚಂದ್ರ ಕಂಡಿದ್ದರೆ ಆ ರಾತ್ರಿಗಳಲ್ಲಿ ಕಂಡಿರಬೇಕು. ಪ್ರಯಾಣಿಕನಿಗೆ ಉಪವಾಸ ಕಡ್ಡಾಯ ಅಲ್ಲ, ನಿಜ. ಆದರೆ ಅಷ್ಟು ದೂರ ಹೊರಟ ಆ ಜನ ಉಪವಾಸ ಬಿಟ್ಟಿರುತ್ತಾರೆ ಅಂತ ನನಗಂತೂ ಅನ್ನಿಸುವುದಿಲ್ಲ.

ಹಾಜಿಗಳು ನೀರು ಎತ್ತುತ್ತಿರುವಾಗ ಮೇಲೆ ಕಪ್ತಾನ ಮತ್ತು ಅಧಿಕಾರಿಗಳು ರಕ್ಷಣಾ ದೋಣಿಗಳನ್ನು ಇಳಿಸುವ ತಯಾರಿ ಮಾಡುತ್ತಿದ್ದರು. ಇಷ್ಟು ಜನಕ್ಕೆ ಸಾಕಾಗುವ ದೋಣಿಗಳು ಹಡಗಿನಲ್ಲಿ ಇರಲೇ ಇಲ್ಲ. ಜನಕ್ಕೆ ವಿಷಯ ತಿಳಿಯಿತು, ನೂಕಾಟ ಹೊಡೆದಾಟ ಆಯಿತು, ಕೆಲವರು ನೀರಿಗೆ ಬಿದ್ದು ಸತ್ತರು. ಆಗಸ್ಟ್ 8ರ ನಸುಕಿನ ಕತ್ತಲಲ್ಲಿ ಒಂದು ದೋಣಿ ಬಿಡಿಸಿಕೊಂಡು ಹೊರಟೇಹೋಯಿತು. ಅದರಲ್ಲಿ ಕಪ್ತಾನ, ಅವನ ಹೆಂಡತಿ, ವಿಲಿಯಮ್ಸ್, ಮುಖ್ಯ ಎಂಜಿನಿಯರ್, ಇನ್ನೂ ಕೆಲವು ಖಲಾಸಿಗಳು. ಸಯ್ಯಿದ್ ಉಮರ್ ಸಖಾಫ್ ಕೂಡ ಅದೇ ದೋಣಿಯಲ್ಲಿದ್ದರು.

ಈ ಕಥೆಯನ್ನು ಬಿಳಿಯರು ಮುಸ್ಲಿಮರನ್ನು ನಡುನೀರಿನಲ್ಲಿ ಬಿಟ್ಟು ಓಡಿದ ಕಥೆ ಎಂದು ಹೇಳುವವರಿದ್ದಾರೆ. ಅದು ಸುಳ್ಳಲ್ಲ. ಆದರೆ ದೋಣಿಯಲ್ಲಿ ಧಣಿಯ ಮನೆಯವರೂ ಇದ್ದರು ಎಂಬುದನ್ನು ಮರೆಯಬೇಡಿ. ಹಡಗಿನಲ್ಲಿ ಉಳಿದವರು ಟಿಕೆಟ್ ಕೊಂಡವರು.

ಕೆಲವೇ ತಾಸಿನಲ್ಲಿ 'ಸಿಂದಿಯಾ' ಎಂಬ ಹಡಗು ಈ ದೋಣಿಯವರನ್ನು ಎತ್ತಿಕೊಂಡು ಏಡನ್‌ಗೆ ತಲುಪಿಸಿತು. ಹಡಗು ಮುಳುಗಿತು, ಸುಮಾರು ಸಾವಿರ ಜನ ಹೋದರು, ಹಾಜಿಗಳು ರೊಚ್ಚಿಗೆದ್ದು ಎಂಜಿನಿಯರುಗಳನ್ನು ಕೊಂದರು ಎಂದೆಲ್ಲ ಕಪ್ತಾನ ಹೇಳಿದ. ತಂತಿ ಲಂಡನ್ನಿಗೂ ಸಿಂಗಾಪುರಕ್ಕೂ ಓಡಿತು. ಸಿಂಗಾಪುರದ ಕಂಪಂಗ್‌ಗಳಲ್ಲಿ, ಜಾವಾದ ಹಳ್ಳಿಗಳಲ್ಲಿ ಆ ಸುದ್ದಿ ತಲುಪಿದ ಮನೆಗಳನ್ನು ಊಹಿಸಿಕೊಳ್ಳಿ.

ಆಗಸ್ಟ್ 11. ಏಡನ್ ಬಂದರಿನಲ್ಲಿ ಒಂದು ಹಡಗು ಇನ್ನೊಂದನ್ನು ಹಗ್ಗ ಕಟ್ಟಿ ಎಳೆದುಕೊಂಡು ಬಂತು. ಹಿಂದಿನದು 'ಜಿದ್ದಾ'. ಹಾಜಿಗಳು ಬದುಕಿದ್ದರು.

ಆದದ್ದು ಇಷ್ಟು. ಅಧಿಕಾರಿಗಳು ಓಡಿದ ಮೇಲೆ ಉಳಿದ ಒಂದಿಬ್ಬರು ಅಧಿಕಾರಿಗಳ ಕೆಳಗೆ ಹಾಜಿಗಳು ನೀರೆತ್ತುವುದನ್ನು ಮುಂದುವರಿಸಿದರು. ಹಡಗು ಮುಳುಗಲಿಲ್ಲ. ಆಪತ್ತಿನ ಬಾವುಟ ಏರಿಸಿದರು. ಶಾಂಘೈಯಿಂದ ಲಂಡನ್ನಿಗೆ ಹೊರಟಿದ್ದ ಬ್ಲೂ ಫನಲ್ ಕಂಪೆನಿಯ 'ಆಂಟೆನರ್' ಅದನ್ನು ಕಂಡಿತು. ಅದರಲ್ಲೇ 680 ಪ್ರಯಾಣಿಕರಿದ್ದರು, ಆದರೂ ನಿಂತಿತು. ಆಂಟೆನರ್‌ನ ಮುಖ್ಯ ಅಧಿಕಾರಿ 'ಜಿದ್ದಾ'ವನ್ನು ಹತ್ತಿ, ಹಾಜಿಗಳ ಸಹಾಯದಿಂದಲೇ ಹಡಗನ್ನು ಹದಕ್ಕೆ ತಂದು, ಏಡನ್‌ವರೆಗೆ ಸುಧಾರಿಸಿದ. ನೋಡಿ, ಸಮುದ್ರ ಬಲ್ಲ ಕಪ್ತಾನ ಮುಳುಗಿಯೇ ಮುಳುಗುತ್ತದೆ ಎಂದು ಬಿಟ್ಟು ಹೋದ ಹಡಗನ್ನು, ಗದ್ದೆ ಉಳುವ ಕೈಗಳು ಬಕೆಟ್ ಹಿಡಿದು ತೇಲಿಸಿದವು.

ವಿಚಾರಣೆ ಏಡನ್‌ನಲ್ಲೇ ನಡೆಯಿತು. ಆಗ ಏಡನ್ ಮುಂಬಯಿ ಪ್ರೆಸಿಡೆನ್ಸಿಯ ಆಡಳಿತದಲ್ಲಿತ್ತು. ಅಂದರೆ ಧಾರವಾಡ, ವಿಜಾಪುರ, ಬೆಳಗಾವಿ, ಕಾರವಾರಗಳಿಗೂ ಆ ಬಂದರಿಗೂ ಒಬ್ಬನೇ ಗವರ್ನರ್. ನ್ಯಾಯಾಧೀಶರು ಬಾಯ್ಲರುಗಳನ್ನು ಸರಿಯಾಗಿ ಕೂರಿಸಿರಲಿಲ್ಲ ಎಂದರು, ಮುಖ್ಯ ಎಂಜಿನಿಯರನ ತಪ್ಪುಗಳನ್ನು ಎತ್ತಿ ಆಡಿದರು, ವಿಲಿಯಮ್ಸ್‌ನ ನಡತೆಯನ್ನು ಖಂಡಿಸಿದರು. ಕೆಟ್ಟ ಹವಾಮಾನದ ಕಾಲದಲ್ಲಿ ಸಾವಿರದಷ್ಟು ಜನರನ್ನು ಹೀಗೆ ತುಂಬಿ ಕಳಿಸಲು ಬಿಟ್ಟದ್ದನ್ನೂ ಟೀಕಿಸಿದರು. ಕಪ್ತಾನ ಕ್ಲಾರ್ಕ್‌ನ ಸರ್ಟಿಫಿಕೇಟು ಮೂರು ವರ್ಷಕ್ಕೆ ಅಮಾನತು. ಮೂರೇ ವರ್ಷ. ಅಲ್ಲಿಗೆ ಮುಗಿಯಿತು.

'ಜಿದ್ದಾ' ರಿಪೇರಿಯಾಗಿ ಮತ್ತೆ ಓಡಿತು. ಧಣಿಗಳ ಮರ್ಯಾದೆಗೆ ಹೆಚ್ಚಿನ ಧಕ್ಕೆ ಏನೂ ಆಗಲಿಲ್ಲ. ಸಯ್ಯಿದ್ ಮುಹಮ್ಮದ್ ಸಿಂಗಾಪುರದ ಮುನಿಸಿಪಲ್ ಕಮಿಷನರರಾಗಿದ್ದರು, ಅದರಲ್ಲೇ ಮುಂದುವರಿದರು. ತುರ್ಕಿಯ ಸುಲ್ತಾನರ ಕಾನ್ಸಲ್ ಕೂಡ ಆಗಿದ್ದರು, ಅಲ್ಲಿಂದ ಪದಕಗಳು ಬಂದವು. ಬೀಚ್ ರೋಡಿನಲ್ಲಿದ್ದ ಅವರದೊಂದು ಬಂಗಲೆಯನ್ನು ಸಾರ್ಕಿಸ್ ಎಂಬ ಆರ್ಮೇನಿಯನ್ ಅಣ್ಣತಮ್ಮಂದಿರು ಬಾಡಿಗೆಗೆ ಹಿಡಿದು 1887ರಲ್ಲಿ ಹೋಟೆಲ್ ತೆರೆದರು. ಅದೇ ಇವತ್ತಿನ ರಾಫೆಲ್ಸ್ ಹೋಟೆಲ್. ಗೇಲಾಂಗ್‌ನಲ್ಲಿದ್ದ ಅವರ ಪರ್ಸಿವಿಯರೆನ್ಸ್ ಎಸ್ಟೇಟಿನಲ್ಲಿ ಮಜ್ಜಿಗೆ ಹುಲ್ಲು ಬೆಳೆದು ಎಣ್ಣೆ ತೆಗೆಯುತ್ತಿದ್ದರು. ಮಲಯ್ ಭಾಷೆಯಲ್ಲಿ ಆ ಹುಲ್ಲಿಗೆ 'ಸೆರಾಯ್' ಅಂತಾರೆ, ಹಾಗಾಗಿ ಆ ಕೇರಿಗೆ ಗೇಲಾಂಗ್ ಸೆರಾಯ್ ಎಂಬ ಹೆಸರು ಬಂತು. ರಮಝಾನ್ ಸಂತೆಗೆ ಸಿಂಗಾಪುರದಲ್ಲಿ ಇವತ್ತು ಎಲ್ಲರೂ ಹೋಗುವುದು ಅಲ್ಲಿಗೇ.

ಆ ಕಾಲದಲ್ಲಿ ಅದೇ ಬಂದರಿನ ಬೀದಿಗಳಲ್ಲಿ ಒಬ್ಬ ಪೋಲೆಂಡ್ ಮೂಲದ ನಾವಿಕ ಓಡಾಡುತ್ತಿದ್ದ. ಜೋಸೆಫ್ ಕಾನ್ರಾಡ್. 1887ರಲ್ಲಿ ಅವನು ಕೆಲಸಕ್ಕೆ ಸೇರಿದ 'ವಿದಾರ್' ಎಂಬ ಹಡಗು ಕೂಡ ಸಿಂಗಾಪುರದ ಇನ್ನೊಬ್ಬ ಹದ್ರಮಿ ಸಯ್ಯಿದರದ್ದೇ, ಜಿಫ್ರಿ ಮನೆತನದ್ದು. ಅವನು ನಾವಿಕನಾಗಿ ಅರಬರ ಸಂಬಳ ಉಂಡವನು, ಇದನ್ನು ಸಾಹಿತ್ಯದ ಮೇಷ್ಟ್ರುಗಳು ಕಡಿಮೆ ಹೇಳ್ತಾರೆ. 'ಜಿದ್ದಾ'ದ ಕಥೆ ಬಂದರಿನಲ್ಲಿ ಎಲ್ಲರ ಬಾಯಲ್ಲಿತ್ತು. ವಿಲಿಯಮ್ಸ್ ಅವಮಾನ ಹೊತ್ತುಕೊಂಡು ಸಿಂಗಾಪುರಕ್ಕೇ ಮರಳಿ, ಹಡಗುಗಳಿಗೆ ಸಾಮಾನು ಒದಗಿಸುವ ಅಂಗಡಿಯಲ್ಲಿ ಗುಮಾಸ್ತನಾಗಿ ಉಳಿದ. 1900ರಲ್ಲಿ ಪುಸ್ತಕವಾಗಿ ಬಂದ 'ಲಾರ್ಡ್ ಜಿಮ್' ಕಾದಂಬರಿ ಹುಟ್ಟಿದ್ದು ಇಲ್ಲಿಂದ. ಅದರಲ್ಲಿ ಹಡಗಿನ ಹೆಸರು 'ಪಟ್ನಾ'. ನಿಮ್ಮಲ್ಲಿ ಇಂಗ್ಲಿಷ್ ಎಂ.ಎ. ಮಾಡಿದವರು ಇದನ್ನು ಓದಿಯೇ ಇರ್ತೀರಿ. ದೊಡ್ಡ ಕಾದಂಬರಿ, ಅದರಲ್ಲಿ ನನ್ನ ತಕರಾರಿಲ್ಲ. ಹಡಗು ಬಿಟ್ಟು ಹಾರಿದ ಒಬ್ಬ ಯುವಕನ ಮನಸ್ಸಿನ ನೋವನ್ನು ನೂರಾರು ಪುಟ ಬಗೆದು ತೋರಿಸಿದ್ದಾನೆ. ಹಡಗಿನಲ್ಲಿ ಉಳಿದವರಲ್ಲಿ ಒಬ್ಬನೇ ಒಬ್ಬ ಹಾಜಿಗೆ ಮಾತ್ರ ಹೆಸರಿಲ್ಲ. ವಿಚಾರಣೆಯಲ್ಲಿ ಇಬ್ಬರು ಮಲಯ್ ಚುಕ್ಕಾಣಿಗಾರರಿಗೆ ನಾಲ್ಕು ಮಾತು ಸಿಗುತ್ತದೆ, ಅವರೂ ಹಡಗಿನ ಕೆಲಸದವರು. ನೀರೆತ್ತಿದವರು ಕಾದಂಬರಿಯಲ್ಲಿ ನೀರೆತ್ತುವುದೇ ಇಲ್ಲ, ಮಲಗಿರ್ತಾರೆ. ನಿಜ ಘಟನೆ ಗೊತ್ತಿದ್ದೂ ಕಾನ್ರಾಡ್ ಈ ಒಂದನ್ನು ಬದಲಿಸಿದ. ಅವನ ಕಥೆಗೆ ಅದು ಬೇಕಿತ್ತು.

ಸಖಾಫರ ಹಡಗಿನ ವ್ಯಾಪಾರ ಒಂದೇ ದಿನದಲ್ಲಿ ಮುಳುಗಲಿಲ್ಲ, ನಿಧಾನ ಕರಗಿತು. 'ಜಿದ್ದಾ' 1886ರಲ್ಲಿ ಹೆಸರು ಬದಲಾಗಿ 'ಡೈಮಂಡ್' ಆಯಿತು. ಇತ್ತ ಭಾರತದಲ್ಲಿ ಅದೇ 1886ರಲ್ಲಿ ಸರ್ಕಾರ ಹಾಜಿಗಳ ಸಾಗಣೆಯನ್ನು ಸುಧಾರಿಸುವ ಕೆಲಸವನ್ನು ಥಾಮಸ್ ಕುಕ್ ಕಂಪೆನಿಗೆ ಒಪ್ಪಿಸಿತ್ತು. ಅದು ಲಾಭ ಕಾಣದೆ ಕೆಲವು ವರ್ಷದಲ್ಲಿ ಕೈತೊಳೆದುಕೊಂಡಿತು. ಡಚ್ ದ್ವೀಪಗಳ ಹಾಜಿಗಳ ಸಾಗಣೆಯನ್ನು ಮೂರು ದೊಡ್ಡ ಕಂಪೆನಿಗಳು ಒಕ್ಕೂಟ ಮಾಡಿಕೊಂಡು ಹಿಡಿದವು, ಜನ ಅದನ್ನು 'ಕೊಂಗ್ಸಿ ತಿಗಾ' ಎಂದರು, ಮೂವರ ಕೂಟ ಅಂತ ಅರ್ಥ. ಅದರಲ್ಲಿ ಎರಡು ಡಚ್ಚರವು, ಮೂರನೆಯದು ಬ್ಲೂ ಫನಲ್, 'ಜಿದ್ದಾ'ವನ್ನು ಎಳೆದು ತಂದ ಆಂಟೆನರ್‌ನ ಕಂಪೆನಿ. ವೈದ್ಯರು, ಕ್ವಾರಂಟೀನ್, ದೋಣಿಗಳ ಲೆಕ್ಕ, ಹೋಗಿಬರುವ ಟಿಕೆಟ್ ಒಟ್ಟಿಗೇ ಕೊಳ್ಳಬೇಕೆಂಬ ನಿಯಮ, ಇವೆಲ್ಲ ಒಂದೊಂದಾಗಿ ಬಂದವು. ಪ್ರಾಣಕ್ಕೆ ಒಳ್ಳೆಯದಾಯಿತು, ಬಡವನಿಗೆ ಹಜ್ ಮತ್ತೆ ದುಬಾರಿಯಾಯಿತು. ಸಣ್ಣ ಧಣಿಗಳಿಗೆ ಈ ಪೈಪೋಟಿ ತಡೆಯಲಿಲ್ಲ. ಅರಬ್ ಮನೆತನಗಳು ಹಡಗು ಬಿಟ್ಟು ಜಾಗ, ಮನೆ, ಬಾಡಿಗೆಯ ಕಡೆ ತಿರುಗಿದವು.

ಸಯ್ಯಿದ್ ಮುಹಮ್ಮದ್ 1906ರಲ್ಲಿ ತೀರಿಕೊಂಡರು. ಅದಕ್ಕೆ ಎರಡು ವರ್ಷ ಮೊದಲು, 1904ರಲ್ಲಿ, ತಮ್ಮ ಆಸ್ತಿಯ ಒಂದು ಭಾಗವನ್ನು ವಕ್ಫ್ ಮಾಡಿದ್ದರು. ಹದ್ರಮೌತ್‌ನಿಂದ ಬಂದವರ, ಬುಗಿಸ್ ಹಾಯಿಹಡಗುಗಳ, ಮಜ್ಜಿಗೆ ಹುಲ್ಲಿನ, ಕುಕುಪ್‌ನಲ್ಲಿ ಸಾಲ ತೀರಿಸಿದ ಹಾಜಿಗಳ, ಎಲ್ಲರ ದುಡ್ಡೂ ಅದರಲ್ಲಿ ಬೆರೆತಿದೆ, ಬೇರ್ಪಡಿಸಲಿಕ್ಕೆ ಬರುವುದಿಲ್ಲ. ಆ ವಕ್ಫ್‌ನ ಹಣದಿಂದ 1912ರಲ್ಲಿ ಜಲಾನ್ ಸುಲ್ತಾನ್ ಎಂಬ ರಸ್ತೆಯಲ್ಲಿ ಒಂದು ಮದ್ರಸಾ ಶುರುವಾಯಿತು. ಸುಲ್ತಾನ್ ಮಸೀದಿಗೆ ಹೋದವರು ಸ್ವಲ್ಪ ನಡೆದರೆ ಸಿಗುತ್ತದೆ. ಹಾಜಾ ಫಾತಿಮಾಳ ವಾಲಿದ ಮಿನಾರವೂ ಅಲ್ಲಿಂದ ದೂರವಿಲ್ಲ. ಮದ್ರಸಾ ಈಗಲೂ ನಡೆಯುತ್ತಿದೆ, ಅಲ್ಲಿ ಓದುವವರು ಈಗ ಹೆಣ್ಣುಮಕ್ಕಳು.